‘ನೋ ಪೆಟ್ಸ್’ ಲೀಸ್ ಇರುವ ಮನೆಯಲ್ಲಿ ಅಸಿಸ್ಟೆನ್ಸ್ ನಾಯಿ: ಕ್ಯಾಲಿಫೋರ್ನಿಯಾದಲ್ಲಿ ಕೇಳುವ ಕ್ರಮ ಹೇಗೆ?

ಸಂಪಿಗೆಮರ ಕೇಳಿದ್ದು:

ಸನ್ನಿವೇಲ್‌ನಲ್ಲಿ ಒಂದು ಬೆಡ್‌ರೂಮಿನ ಅಪಾರ್ಟ್‌ಮೆಂಟ್. ‘ಸಾಕುಪ್ರಾಣಿ ಇಟ್ಟುಕೊಳ್ಳುವಂತಿಲ್ಲ’ ಅಂತ ಲೀಸ್‌ನಲ್ಲೇ ಇದೆ. ನವೀಕರಣಕ್ಕೆ ಇನ್ನು ಎರಡು ತಿಂಗಳು ಬಾಕಿ. ಹೆಂಡತಿಗೆ ಪ್ಯಾನಿಕ್ ಡಿಸಾರ್ಡರ್. ಬೆಂಗಳೂರಿನ ಮನೋವೈದ್ಯರೊಬ್ಬರು ವಿಡಿಯೊ ಕಾಲ್‌ನಲ್ಲೇ ನೋಡುತ್ತಿದ್ದಾರೆ; ನಾಯಿ ಜೊತೆಗಿದ್ದರೆ ಅನುಕೂಲ ಅಂತ ಹೇಳಿದ್ದೂ ಅವರೇ, ಪತ್ರ ಬರೆದುಕೊಡಲೂ ಒಪ್ಪಿದ್ದಾರೆ. ಪ್ರಾಣಿಗಳ ಆಶ್ರಯಧಾಮವೊಂದರಲ್ಲಿ ನೋಡಿಟ್ಟಿರುವ ನಾಯಿ ಎರಡು ವರ್ಷದ ಜರ್ಮನ್ ಶೆಫರ್ಡ್ ಮಿಶ್ರತಳಿ, ಸುಮಾರು 60 ಪೌಂಡ್.

ಲೀಸಿಂಗ್ ಆಫೀಸಿನಲ್ಲಿ ಬಾಯಿಮಾತಿಗೆ ವಿಚಾರಿಸಿದಾಗ ಬಂದ ಉತ್ತರ: ‘ರಿಜಿಸ್ಟ್ರೇಶನ್ ಸರ್ಟಿಫಿಕೇಟ್ ತನ್ನಿ, 500 ಡಾಲರ್ ಪೆಟ್ ಡೆಪಾಸಿಟ್ ಕಟ್ಟಿ, ತಿಂಗಳಿಗೆ 75 ಡಾಲರ್ ಪೆಟ್ ರೆಂಟ್. ಆದರೆ ಶೆಫರ್ಡ್ ನಮ್ಮ ನಿಷಿದ್ಧ ತಳಿಗಳ ಪಟ್ಟಿಯಲ್ಲಿದೆ.’

ಬೆಂಗಳೂರಿನ ಡಾಕ್ಟರ ಪತ್ರ ಇಲ್ಲಿ ನಡೆಯುತ್ತದೆಯೇ? ಇಂಟರ್‌ನೆಟ್‌ನಲ್ಲಿ ನೂರಿನ್ನೂರು ಡಾಲರ್‌ಗೆ ಸಿಗುವ ರಿಜಿಸ್ಟ್ರೇಶನ್ ಮಾಡಿಸಬೇಕೆ? ಡೆಪಾಸಿಟ್ ಕಟ್ಟಲೇಬೇಕೆ? ಕಾಗದಪತ್ರದಲ್ಲಿ ‘ಡಿಸೆಬಿಲಿಟಿ’ ಅಂತ ಬಂದರೆ ಎಚ್-1ಬಿ, ಗ್ರೀನ್ ಕಾರ್ಡ್‌ಗೆ ತೊಡಕೇನಾದರೂ ಇದೆಯೇ? ಮೊದಲು ನಾಯಿಯನ್ನು ಮನೆಗೆ ತಂದುಬಿಡಿ, ಪತ್ರ ಆಮೇಲೆ ಕೊಟ್ಟರಾಯಿತು ಎಂಬ ಸಲಹೆಯೂ ಬಂದಿದೆ. ಅದು ಸರಿಯೇ?

ಕಾನೂನುಕಟ್ಟೆ ಉತ್ತರ:

ಕೊನೆಯ ಪ್ರಶ್ನೆಗೆ ಮೊದಲು ಹೇಳಿಬಿಡುತ್ತೇನೆ: ತರಬೇಡಿ. ಅನುಮತಿ ಕೇಳುವ ಹಕ್ಕು ಯಾವಾಗ ಬೇಕಾದರೂ ಇರುತ್ತದೆ, ಮನೆ ಖಾಲಿ ಮಾಡಿಸುವ ನೋಟಿಸ್ ಬಂದ ಮೇಲೂ ಇರುತ್ತದೆ, ನಿಜ. ಆದರೆ ನಾಯಿ ಮೊದಲು ಒಳಗೆ ಬಂದರೆ ಅದು ಅವತ್ತಿನ ಮಟ್ಟಿಗೆ ಲೀಸ್ ಉಲ್ಲಂಘನೆ. ಷರತ್ತು ಪಾಲಿಸಿ ಇಲ್ಲವೇ ಮನೆ ಬಿಡಿ ಎಂಬ ಮೂರು ದಿನದ ನೋಟಿಸ್ ಬಾಗಿಲಿಗೆ ಅಂಟಿಸಬಹುದು. ಆಮೇಲೆ ನೀವು ಕೊಡುವ ಪತ್ರ ಅರ್ಜಿಯಾಗಿ ಕಾಣುವುದಿಲ್ಲ, ಸಿಕ್ಕಿಬಿದ್ದ ಮೇಲೆ ಹೇಳಿದ ಸಬೂಬಾಗಿ ಕಾಣುತ್ತದೆ. ಎರಡು ತಿಂಗಳು ಕೈಯಲ್ಲಿದೆ, ಸಾಕು.

ಈಗ ಪದಗಳನ್ನು ಬಿಡಿಸಿಕೊಳ್ಳೋಣ. ಅರ್ಧ ಜಗಳ ಹುಟ್ಟುವುದೇ ಇಲ್ಲಿ. ‘ಸರ್ವಿಸ್ ಡಾಗ್’ ಅಂದರೆ ಒಬ್ಬರ ಅಂಗವೈಕಲ್ಯಕ್ಕೆ ನೇರವಾಗಿ ಸಂಬಂಧಪಟ್ಟ ಒಂದು ನಿರ್ದಿಷ್ಟ ಕೆಲಸ ಕಲಿತ ನಾಯಿ. ಪ್ಯಾನಿಕ್ ಶುರುವಾದಾಗ ಮೈಮೇಲೆ ಭಾರ ಹಾಕಿ ಮಲಗುವುದು, ಔಷಧದ ಚೀಲ ತಂದುಕೊಡುವುದು, ಇಂಥವು. ತರಬೇತಿಯನ್ನು ಮನೆಯಲ್ಲಿ ನೀವೇ ಕೊಟ್ಟರೂ ನಡೆಯುತ್ತದೆ. ‘ಎಮೋಶನಲ್ ಸಪೋರ್ಟ್’ ಪ್ರಾಣಿಗೆ ಯಾವ ತರಬೇತಿಯೂ ಬೇಡ, ಜೊತೆಗಿರುವುದೇ ಅದರ ಕೆಲಸ. ಅಂಗಡಿ, ಹೋಟೆಲ್, ವಿಮಾನದ ವಿಷಯಕ್ಕೆ ಬಂದರೆ ಇವೆರಡರ ನಡುವೆ ಅಜಗಜಾಂತರ. 2021ರ ಜನವರಿಯಿಂದ ಸಪೋರ್ಟ್ ಪ್ರಾಣಿಗಳನ್ನು ಸರ್ವಿಸ್ ಪ್ರಾಣಿಗಳೆಂದು ಪರಿಗಣಿಸಬೇಕಾದ ಹೊಣೆ ವಿಮಾನ ಕಂಪನಿಗಳಿಗಿಲ್ಲ. ಆದರೆ ವಾಸದ ಮನೆಯ ಮಟ್ಟಿಗೆ ಎರಡೂ ‘ಅಸಿಸ್ಟೆನ್ಸ್ ಅನಿಮಲ್’ ಎಂಬ ಒಂದೇ ಚಪ್ಪರದ ಕೆಳಗೆ ಬರುತ್ತವೆ. ಎರಡಕ್ಕೂ ‘ಪೆಟ್’ ಎಂಬ ಹೆಸರು ಹೊಂದುವುದಿಲ್ಲ. ಆದ್ದರಿಂದಲೇ ‘ನೋ ಪೆಟ್ಸ್’ ಷರತ್ತು ಇವುಗಳ ಮೇಲೆ ತಾನಾಗಿಯೇ ಬಂದು ಕೂರುವುದಿಲ್ಲ.

ಆಧಾರ ಎರಡು ಕಡೆ ಇದೆ. ಒಂದು, ಅಮೆರಿಕದ ಕೇಂದ್ರ ಸರ್ಕಾರದ ಫೇರ್ ಹೌಸಿಂಗ್ ಆಕ್ಟ್, ವಸತಿಯಲ್ಲಿ ತಾರತಮ್ಯ ತಡೆಯುವ ಕಾಯ್ದೆ. 1968ರ ಈ ಕಾಯ್ದೆಗೆ ಅಂಗವೈಕಲ್ಯ ಸೇರಿದ್ದು 1988ರ ತಿದ್ದುಪಡಿಯಲ್ಲಿ. ಇನ್ನೊಂದು, ಕ್ಯಾಲಿಫೋರ್ನಿಯಾದ್ದೇ ಆದ ಫೇರ್ ಎಂಪ್ಲಾಯ್‌ಮೆಂಟ್ ಅಂಡ್ ಹೌಸಿಂಗ್ ಆಕ್ಟ್ ಮತ್ತು 2020ರ ಜನವರಿಯಿಂದ ಜಾರಿಯಲ್ಲಿರುವ ಅದರ ವಸತಿ ನಿಯಮಗಳು. ನಿಮಗೆ ರಾಜ್ಯದ್ದೇ ಹೆಚ್ಚು ಬಲ. ಕೇಂದ್ರದ ಕಾಯ್ದೆಯಲ್ಲಿ ತೊಂದರೆ ದಿನನಿತ್ಯದ ಬದುಕನ್ನು ‘ಗಣನೀಯವಾಗಿ’ ಮಿತಿಗೊಳಿಸಬೇಕು. ರಾಜ್ಯದ್ದರಲ್ಲಿ ‘ಮಿತಿಗೊಳಿಸಿದರೆ’ ಸಾಕು. ಒಂದು ಪದದ ವ್ಯತ್ಯಾಸ, ಆದರೆ ಪ್ಯಾನಿಕ್, ಡಿಪ್ರೆಶನ್‌ನಂಥ ಹೊರಗೆ ಕಾಣದ ತೊಂದರೆಗಳಿಗೆ ಅದೇ ದೊಡ್ಡದು.

ಈ ಚೌಕಟ್ಟಿನಲ್ಲಿ ಆಫೀಸಿನವರು ಹೇಳಿದ್ದನ್ನು ನೋಡಿ. ಅಸಿಸ್ಟೆನ್ಸ್ ಪ್ರಾಣಿಗೆ ಪೆಟ್ ಡೆಪಾಸಿಟ್ ಇಲ್ಲ, ಪೆಟ್ ರೆಂಟ್ ಇಲ್ಲ, ಅರ್ಜಿ ಶುಲ್ಕವೂ ಇಲ್ಲ. ತಳಿ, ತೂಕ, ಎತ್ತರದ ಪಟ್ಟಿ ಅನ್ವಯಿಸುವುದಿಲ್ಲ. ರಿಜಿಸ್ಟ್ರೇಶನ್ ಅನ್ನುವುದು ಈ ದೇಶದಲ್ಲಿ ಅಧಿಕೃತವಾಗಿ ಇಲ್ಲವೇ ಇಲ್ಲ. ಸರ್ಕಾರ ಅಂಥ ಪಟ್ಟಿ ಇಟ್ಟಿಲ್ಲ. ವೆಬ್‌ಸೈಟ್‌ನವರು ಮಾರುವುದು ಪ್ಲಾಸ್ಟಿಕ್ ಕಾರ್ಡು ಮತ್ತು ನಾಯಿಗೆ ತೊಡಿಸುವ ಒಂದು ಅಂಗಿ. ವ್ಯಕ್ತಿಯನ್ನು ಪ್ರತ್ಯೇಕವಾಗಿ ಪರೀಕ್ಷಿಸದೆ ಕೊಟ್ಟ ಆನ್‌ಲೈನ್ ಸರ್ಟಿಫಿಕೇಟನ್ನು ‘ನಂಬಲರ್ಹವಲ್ಲ’ ಎಂದೇ ಮೊದಲು ಭಾವಿಸಬೇಕು ಅಂತ ರಾಜ್ಯದ ನಿಯಮ ಹೇಳುತ್ತದೆ. ಅಂದರೆ ದುಡ್ಡು ಕೊಟ್ಟು ನಿಮ್ಮ ಅರ್ಜಿಯನ್ನು ನೀವೇ ದುರ್ಬಲ ಮಾಡಿಕೊಂಡಂತೆ.

ವೀಸಾದ ವಿಷಯ: ಲ್ಯಾಂಡ್‌ಲಾರ್ಡ್‌ಗೆ ಕೊಡುವ ಈ ಪತ್ರ ವಲಸೆ ಇಲಾಖೆಗೆ ಸಲ್ಲಿಸುವ ಕಾಗದವಲ್ಲ. ಬಾಡಿಗೆದಾರರ ವಲಸೆ ಸ್ಥಿತಿ ಏನೆಂದು ಮನೆ ಮಾಲೀಕರು ಕೇಳುವುದನ್ನೇ ಸಿವಿಲ್ ಕೋಡ್ 1940.3 ತಡೆಯುತ್ತದೆ. ಪತ್ರದಲ್ಲಿ ಕಾಯಿಲೆಯ ಹೆಸರು ಬರೆಯುವ ಅಗತ್ಯವೂ ಇಲ್ಲ. ಆಫೀಸಿನವರು ಕಾಯಿಲೆ ಯಾವುದೆಂದು ಕೇಳುವಂತಿಲ್ಲ, ಮೆಡಿಕಲ್ ರೆಕಾರ್ಡ್ ಕೇಳುವಂತಿಲ್ಲ.

ಬೆಂಗಳೂರಿನ ಪತ್ರ ಮಾತ್ರ ತೊಡಕಿನ ವಿಷಯ. ಅದನ್ನು ಬಲ್ಲವರು ಹೇಳಲಿ.

ಔಷಧಚೀಟಿ ಉತ್ತರ:

ಪತ್ರದ ಬಗ್ಗೆ. 2022ರ ಜನವರಿ 1ರಿಂದ ಎಬಿ 468 ಎಂಬ ರಾಜ್ಯದ ಕಾನೂನು ಜಾರಿಯಲ್ಲಿದೆ. ಎಮೋಶನಲ್ ಸಪೋರ್ಟ್ ನಾಯಿ ಬೇಕೆಂದು ಪತ್ರ ಬರೆಯುವ ವೈದ್ಯರೋ ಥೆರಪಿಸ್ಟೋ ಪಾಲಿಸಬೇಕಾದ್ದು ಇಷ್ಟು: ಚಾಲ್ತಿಯಲ್ಲಿರುವ ಲೈಸೆನ್ಸ್ ಇರಬೇಕು, ಅದರ ಸಂಖ್ಯೆ, ಜಾರಿಯಾದ ದಿನಾಂಕ, ಯಾವ ರಾಜ್ಯದ್ದು, ಯಾವ ಬಗೆಯದು ಎಂಬ ನಾಲ್ಕೂ ಪತ್ರದಲ್ಲೇ ಬರಬೇಕು. ಪತ್ರ ಕೊಡುವ ಜಾಗದಲ್ಲಿ ವೃತ್ತಿ ನಡೆಸುವ ಪರವಾನಗಿ ಅವರಿಗಿರಬೇಕು. ಪತ್ರಕ್ಕೆ ಮುಂಚೆ ಕಡಿಮೆಯೆಂದರೆ 30 ದಿನದ ವೈದ್ಯ-ರೋಗಿ ಸಂಬಂಧ ಇರಬೇಕು. ನಾಯಿಯ ಅಗತ್ಯದ ಬಗ್ಗೆಯೇ ಕ್ಲಿನಿಕಲ್ ಪರೀಕ್ಷೆ ಮಾಡಿರಬೇಕು. ಜೊತೆಗೆ, ಸಪೋರ್ಟ್ ನಾಯಿಯನ್ನು ಸರ್ವಿಸ್ ಡಾಗ್ ಅಂತ ಸುಳ್ಳು ಹೇಳುವುದು ಅಪರಾಧ ಎಂಬ ಎಚ್ಚರಿಕೆಯನ್ನು ನಿಮಗೆ ಬಾಯಲ್ಲಾದರೂ ಬರಹದಲ್ಲಾದರೂ ತಿಳಿಸಬೇಕು. ಆ ಅಪರಾಧಕ್ಕೆ ಪೀನಲ್ ಕೋಡ್ 365.7ರಲ್ಲಿ 1,000 ಡಾಲರ್‌ವರೆಗೆ ದಂಡ, ಆರು ತಿಂಗಳವರೆಗೆ ಜೈಲು ಇದೆ.

ಬೆಂಗಳೂರಿನ ವೈದ್ಯರು ಎಷ್ಟೇ ಅನುಭವಿಗಳಾಗಿರಲಿ, ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನ ನೋಂದಣಿ ಇಲ್ಲಿಯ ಲೈಸೆನ್ಸ್ ಆಗುವುದಿಲ್ಲ. ಅವರ ಪತ್ರವನ್ನೇ ಮುಖ್ಯ ಆಧಾರ ಮಾಡಿಕೊಂಡರೆ ಪ್ರಾಪರ್ಟಿ ಮ್ಯಾನೇಜ್‌ಮೆಂಟ್‌ನವರು ಮೊದಲ ಗುಂಡಿಗೇ ಕೆಡವುತ್ತಾರೆ. ಹಾಗಂತ ಎಸೆಯಬೇಡಿ. ಇಲ್ಲಿ ಹೊಸದಾಗಿ ನೋಡುವ ವೈದ್ಯರಿಗೆ ಅವರ ಚಿಕಿತ್ಸೆಯ ಸಾರಾಂಶ ಕೊಡಿ. ಮೂರು ಸಿಟ್ಟಿಂಗ್‌ನಲ್ಲಿ ತಿಳಿಯುವುದು ಒಂದರಲ್ಲಿ ತಿಳಿಯುತ್ತದೆ.

ದಿನಗಳ ಲೆಕ್ಕ ಹೀಗೆ ಹಾಕಿ. ಈ ವಾರವೇ ನಿಮ್ಮ ಇನ್ಶೂರೆನ್ಸ್ ನೆಟ್‌ವರ್ಕ್‌ನಲ್ಲಿ ಕ್ಯಾಲಿಫೋರ್ನಿಯಾ ಲೈಸೆನ್ಸ್ ಇರುವ ಥೆರಪಿಸ್ಟ್ ಹುಡುಕಿ. ಸೈಕಾಲಜಿಸ್ಟ್, ಎಲ್‌ಸಿಎಸ್‌ಡಬ್ಲ್ಯು (ಲೈಸೆನ್ಸ್ ಇರುವ ಕ್ಲಿನಿಕಲ್ ಸೋಶಿಯಲ್ ವರ್ಕರ್), ಎಲ್‌ಎಂಎಫ್‌ಟಿ (ದಾಂಪತ್ಯ, ಕುಟುಂಬ ಥೆರಪಿಸ್ಟ್), ಸೈಕಿಯಾಟ್ರಿಸ್ಟ್ ಯಾರಾದರೂ ಆದೀತು. ಫ್ಯಾಮಿಲಿ ಡಾಕ್ಟರ್ ಆದರೂ ಆದೀತು, ಅದು ಅವರ ಲೈಸೆನ್ಸಿನ ವ್ಯಾಪ್ತಿಯೊಳಗೇ ಇದೆ. ವಿಡಿಯೊ ಮೂಲಕ ನೋಡಿದರೂ ಪರವಾಗಿಲ್ಲ. 30 ದಿನ ಎಣಿಸುವುದು ಮೊದಲ ಭೇಟಿಯಿಂದ. ಆ ಭೇಟಿಯಲ್ಲೇ ನಾಯಿಯ ಮಾತು ಎತ್ತಿ. 31ನೇ ದಿನ ಹೋಗಿ ‘ಪತ್ರ ಕೊಡಿ’ ಅಂದರೆ ಬಹಳ ಮಂದಿ ಹಿಂಜರಿಯುತ್ತಾರೆ, ಕೆಲವು ಆಸ್ಪತ್ರೆಗಳಲ್ಲಿ ಇಂಥ ಪತ್ರವನ್ನೇ ಬರೆಯಬಾರದೆಂಬ ಒಳನಿಯಮ ಇರುತ್ತದೆ. ಅದನ್ನು ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಕೇಳಿಕೊಂಡರೆ ಒಂದು ತಿಂಗಳು ಉಳಿಯುತ್ತದೆ.

ಪತ್ರದಲ್ಲಿ ಮೂರು ವಾಕ್ಯ ಗಟ್ಟಿಯಾಗಿರಲಿ. ಈ ವ್ಯಕ್ತಿಗೆ ಬದುಕಿನ ಇಂಥ ಚಟುವಟಿಕೆಯನ್ನು ಮಿತಿಗೊಳಿಸುವ ಅಂಗವೈಕಲ್ಯ ಇದೆ (ನಿದ್ದೆ, ಒಬ್ಬರೇ ಇರುವುದು, ಹೊರಗೆ ಹೋಗುವುದು ಅಂತ ಚಟುವಟಿಕೆಯ ಹೆಸರು ಸಾಕು). ನಾಯಿ ಆ ಮಿತಿಯನ್ನು ಇಂಥ ರೀತಿಯಲ್ಲಿ ತಗ್ಗಿಸುತ್ತದೆ. ಆದ್ದರಿಂದ ವಾಸದ ಮನೆಯನ್ನು ಇತರರಂತೆ ಬಳಸಿ ಬಾಳಲು ನಾಯಿ ಅಗತ್ಯ. ಸೋಲುವ ಪತ್ರಗಳಲ್ಲಿ ಎರಡನೆಯದೇ ಇರುವುದಿಲ್ಲ. ‘ನಾಯಿಯಿಂದ ಇವರಿಗೆ ಸಂತೋಷ ಸಿಗುತ್ತದೆ’ ಅಂತ ಬರೆದಿರುತ್ತಾರೆ. ನಾಯಿಯಿಂದ ಸಂತೋಷ ಯಾರಿಗೆ ಸಿಗುವುದಿಲ್ಲ! ಕೇಳುವುದು ಅಂಗವೈಕಲ್ಯಕ್ಕೂ ಪ್ರಾಣಿಗೂ ಇರುವ ಕೊಂಡಿ. ತಳಿ, ಹೆಸರು ಪತ್ರದಲ್ಲಿ ಬೇಡ. ನಾಳೆ ಬೇರೆ ನಾಯಿ ಬಂದರೆ ಹೊಸ ಪತ್ರಕ್ಕೆ ಓಡಬೇಕಾಗುತ್ತದೆ.

ಎರಡು ಕಿವಿಮಾತು. ಎಬಿ 468 ನಾಯಿಗೆ ಮಾತ್ರ, ಬೆಕ್ಕಿಗೆ ಈ 30 ದಿನದ ನಿಯಮ ಇಲ್ಲ. ಮತ್ತೆ ಆ ಕಾನೂನು ಕಟ್ಟಿಹಾಕುವುದು ವೈದ್ಯರನ್ನು, ಬಾಡಿಗೆದಾರರನ್ನಲ್ಲ. ಅಂಗವೈಕಲ್ಯದ ಬಗ್ಗೆ ಬಲ್ಲ ನಂಬಲರ್ಹ ಮೂರನೆಯವರ ಹೇಳಿಕೆಯನ್ನೂ ವಸತಿ ನಿಯಮ ಒಪ್ಪುತ್ತದೆ. ಇದೇ ತೊಂದರೆ ಇರುವವರು ಪರಸ್ಪರ ನೆರವಾಗುವ ಪೀರ್ ಸಪೋರ್ಟ್ ಗುಂಪಿನವರು, ಸಮಾಜಸೇವಾ ಸಂಸ್ಥೆಯವರು ಹೀಗೆ. ಆದರೆ ವೈದ್ಯರ ಪತ್ರ ಸಿಗುವಾಗ ಆ ಸುತ್ತುದಾರಿ ಯಾಕೆ?

ಸಂಪಿಗೆಮರ:

ಇಬ್ಬರಿಗೂ ಧನ್ಯವಾದ. ಇವತ್ತು ಆಫೀಸಿನಿಂದ ಈಮೇಲ್ ಬಂತು. ಅವರದೇ ಫಾರ್ಮ್ ತುಂಬಿ ಡಾಕ್ಟರ ಕೈಯಲ್ಲಿ ನೋಟರಿ ಮಾಡಿಸಬೇಕಂತೆ, ಹೊರಗಿನ ಕಂಪನಿಯ ಪೋರ್ಟಲ್‌ನಲ್ಲಿ ಶುಲ್ಕ ಕಟ್ಟಿ ಪ್ರಾಣಿಯ ಪ್ರೊಫೈಲ್ ಮಾಡಬೇಕಂತೆ, ಮೂರು ಲಕ್ಷ ಡಾಲರ್‌ನ ಲಯಬಿಲಿಟಿ ಇನ್ಶೂರೆನ್ಸ್ (ನಾಯಿಯಿಂದ ಬೇರೆಯವರಿಗೆ ಹಾನಿಯಾದರೆ ಭರಿಸುವ ವಿಮೆ) ತೋರಿಸಬೇಕಂತೆ. ಅವರ ಇನ್ಶೂರೆನ್ಸ್ ಕಂಪನಿ ಶೆಫರ್ಡ್ ಒಪ್ಪುವುದಿಲ್ಲ ಅಂತಲೂ ಇದೆ.

ಕಾನೂನುಕಟ್ಟೆ ಉತ್ತರ:

ಈಮೇಲ್ ಬಂದಿದ್ದು ಒಳ್ಳೆಯದಾಯಿತು. ಬಾಯಿಮಾತು ಗಾಳಿಗೆ ಹೋಗುತ್ತದೆ, ಇದು ಹೋಗುವುದಿಲ್ಲ. ಉಳಿಸಿಕೊಳ್ಳಿ.

ಅವರ ಫಾರ್ಮ್‌ನಲ್ಲೇ ಕೊಡಬೇಕೆಂಬ ಬಲವಂತ ಇಲ್ಲ. ಬೇಕಾದ ಮಾಹಿತಿ ನಿಮ್ಮ ಪತ್ರದಲ್ಲಿದ್ದರೆ ಮುಗಿಯಿತು. ಅರ್ಜಿಯನ್ನು ಬಾಯಲ್ಲಿ ಹೇಳಿದರೂ ಕಾನೂನಿನ ಕಣ್ಣಿಗೆ ಅದು ಅರ್ಜಿಯೇ. ನೋಟರಿ ಬೇಡಿಕೆಗೆ ಮಣಿಯಬೇಕಿಲ್ಲ. ಪೋರ್ಟಲ್‌ಗೆ ಶುಲ್ಕ ಕೇಳಿದರೆ ಅದು ಬೇರೆ ಹೆಸರಿನ ಪೆಟ್ ಫೀ. ಬಿಟ್ಟಿಯಾಗಿದ್ದು, ಅಗತ್ಯದಷ್ಟೇ ಪ್ರಶ್ನೆ ಇದ್ದರೆ ಬೇಕಾದರೆ ತುಂಬಬಹುದು, ಆದರೆ ‘ನಿಮ್ಮ ಡಾಕ್ಟರನ್ನು ಸಂಪರ್ಕಿಸಿ ಎಲ್ಲ ದಾಖಲೆ ಪಡೆಯಲು ಒಪ್ಪಿದ್ದೇನೆ’ ಎಂಬ ಪೆಟ್ಟಿಗೆಗೆ ಟಿಕ್ ಹಾಕಬೇಡಿ. ಪತ್ರ ನಿಜವೇ ಅಂತ ಖಾತರಿ ಮಾಡಿಕೊಳ್ಳುವುದಕ್ಕೆ ಅವಕಾಶ ಕೊಡುವುದು ಬೇರೆ, ಫೈಲನ್ನೇ ಒಪ್ಪಿಸುವುದು ಬೇರೆ.

ಇನ್ಶೂರೆನ್ಸ್: ಅಸಿಸ್ಟೆನ್ಸ್ ಪ್ರಾಣಿಯ ಕಾರಣಕ್ಕೆ ಹೆಚ್ಚುವರಿ ಡೆಪಾಸಿಟ್ ಆಗಲಿ ಲಯಬಿಲಿಟಿ ಇನ್ಶೂರೆನ್ಸ್ ಆಗಲಿ ಕೇಳುವಂತಿಲ್ಲ ಅಂತ ರಾಜ್ಯದ ನಿಯಮದಲ್ಲಿದೆ. ಎಲ್ಲ ಬಾಡಿಗೆದಾರರಿಗೂ ಇರುವ ರೆಂಟರ್ಸ್ ಇನ್ಶೂರೆನ್ಸ್ ಷರತ್ತು ಮಾತ್ರ ನಿಮಗೂ ಅನ್ವಯ. ಆದರೂ ಒಂದು ಮಾತು. ಸಿವಿಲ್ ಕೋಡ್ 3342ರ ಪ್ರಕಾರ ನಾಯಿ ಕಚ್ಚಿದರೆ ಯಜಮಾನನೇ ಹೊಣೆ. ‘ಹಿಂದೆ ಎಂದೂ ಕಚ್ಚಿರಲಿಲ್ಲ’ ಅನ್ನುವುದು ರಕ್ಷಣೆಯಾಗುವುದಿಲ್ಲ. ನಿಮ್ಮ ಪಾಲಿಸಿಯ ಪರ್ಸನಲ್ ಲಯಬಿಲಿಟಿ ಭಾಗದಲ್ಲಿ ಎಷ್ಟಿದೆ, ಶೆಫರ್ಡ್ ತಳಿಯನ್ನು ಹೊರಗಿಟ್ಟಿದ್ದಾರೆಯೇ ಅಂತ ನಿಮಗಾಗಿಯೇ ಓದಿಕೊಳ್ಳಿ. ಅವರು ಕೇಳುವಂತಿಲ್ಲ ಅಂದ ಮಾತ್ರಕ್ಕೆ ನಿಮಗೆ ಬೇಡ ಅಂತಲ್ಲ.

ಅರ್ಜಿಯನ್ನು ನಿರಾಕರಿಸಲು ಅವರಿಗೆ ಇರುವ ದಾರಿ ಕಿರಿದು: ಈ ನಿರ್ದಿಷ್ಟ ಪ್ರಾಣಿಯಿಂದ ಇತರರ ಆರೋಗ್ಯಕ್ಕೋ ಸುರಕ್ಷತೆಗೋ ನೇರ ಅಪಾಯ, ಇಲ್ಲವೇ ಇತರರ ಆಸ್ತಿಗೆ ದೊಡ್ಡ ಹಾನಿ, ಅಥವಾ ಅವರ ಮೇಲೆ ಹೊರಲಾರದ ಹಣಕಾಸಿನ, ಆಡಳಿತದ ಹೊರೆ. ಮೊದಲೆರಡಕ್ಕೆ ಈ ನಾಯಿಯದೇ ನಡತೆಯ ಸಾಕ್ಷ್ಯ ಬೇಕು. ‘ಶೆಫರ್ಡ್‌ಗಳು ಅಪಾಯಕಾರಿ’ ಎಂಬ ಊಹೆ ನಡೆಯದು. ಇನ್ಶೂರೆನ್ಸ್ ಕಂಪನಿ ಒಪ್ಪುವುದಿಲ್ಲ ಅಂದರೆ ಆ ಮಾತನ್ನು ಕಂಪನಿಯಿಂದಲೇ ಬರಹದಲ್ಲಿ ತರಿಸಲು ಕೇಳಿ. ಬಹಳ ಸಲ ಅಲ್ಲಿಗೇ ಆ ವಾದ ನಿಂತುಹೋಗುತ್ತದೆ.

ನಿಮ್ಮ ಈಮೇಲ್ ಇಂಗ್ಲಿಷಿನಲ್ಲಿ ಹೋಗಬೇಕಾದ್ದು. ಸಾರ ಹೀಗಿರಲಿ: ‘ಇಂಥ ಯೂನಿಟ್‌ನ ಬಾಡಿಗೆದಾರರಾದ ನಾವು, ಮನೆಯ ಸದಸ್ಯರೊಬ್ಬರ ಅಂಗವೈಕಲ್ಯದ ಕಾರಣ, ಸಾಕುಪ್ರಾಣಿ ನಿಷೇಧದ ಷರತ್ತಿಗೆ ರೀಸನಬಲ್ ಅಕಾಮಡೇಶನ್ (ಅಂಗವೈಕಲ್ಯಕ್ಕಾಗಿ ನಿಯಮದಲ್ಲಿ ಮಾಡಿಕೊಡುವ ಸಡಿಲಿಕೆ) ಕೋರುತ್ತಿದ್ದೇವೆ. ಒಂದು ಎಮೋಶನಲ್ ಸಪೋರ್ಟ್ ನಾಯಿ ಇಟ್ಟುಕೊಳ್ಳಲು ಅನುಮತಿ ಬೇಕು. ಲೈಸೆನ್ಸ್ ಇರುವ ವೈದ್ಯರ ಪತ್ರ ಲಗತ್ತಿಸಿದೆ. ಅಸಿಸ್ಟೆನ್ಸ್ ಪ್ರಾಣಿಗೆ ಶುಲ್ಕ, ಡೆಪಾಸಿಟ್, ತಳಿ ಅಥವಾ ತೂಕದ ಮಿತಿ ಅನ್ವಯಿಸುವುದಿಲ್ಲವೆಂದು ತಿಳಿದಿದ್ದೇವೆ. ಇಂಥ ದಿನಾಂಕದೊಳಗೆ ಬರಹದಲ್ಲಿ ಉತ್ತರಿಸಿ. ಇನ್ನೇನಾದರೂ ಮಾಹಿತಿ ಬೇಕಿದ್ದರೆ ಅದಕ್ಕೆ ಮುಂಚೆ ತಿಳಿಸಿ.’ ಹತ್ತು ದಿನದ ಮುಂದಿನ ದಿನಾಂಕ ಹಾಕಿ. ಇದು ಕಾನೂನು ಹೇಳಿದ ಗಡುವಲ್ಲ, ವಾಡಿಕೆ. ಆದರೆ ಕಾರಣವಿಲ್ಲದೆ ಎಳೆದಾಡಿದರೆ ಅದನ್ನು ನಿರಾಕರಣೆ ಎಂದೇ ಎಣಿಸಬಹುದು, ಆಗ ಎಳೆತ ಎಷ್ಟು ದಿನದ್ದು ಅಂತ ತೋರಿಸಲು ಈ ದಿನಾಂಕ ಉಪಯೋಗಕ್ಕೆ ಬರುತ್ತದೆ.

ಅನುಮತಿ ಸಿಕ್ಕಿದ ಮೇಲೆ ಸಹಿ ಹಾಕಲು ಒಂದು ಅಡೆಂಡಮ್, ಅಂದರೆ ಲೀಸ್‌ಗೆ ಸೇರಿಸುವ ಹೆಚ್ಚುವರಿ ಕಾಗದ ಕೊಡುತ್ತಾರೆ. ತಲೆಬರಹ ಓದಿ. ‘ಪೆಟ್ ಅಡೆಂಡಮ್’ ಇದ್ದರೆ ಒಳಗೆಲ್ಲೋ ಪೆಟ್ ರೆಂಟ್ ಕೂತಿರುತ್ತದೆ. ‘ಅಸಿಸ್ಟೆನ್ಸ್ ಅನಿಮಲ್ ಅಡೆಂಡಮ್’ ಕೇಳಿ ಪಡೆಯಿರಿ.

ಕಾಫಿಬೀಜ ಉತ್ತರ:

ಇಲ್ಲಿ ಓದುವ ಬಹಳ ಜನ ಅಪಾರ್ಟ್‌ಮೆಂಟ್ ಅಲ್ಲ, ನಮ್ಮವರದೇ ಮನೆಯಲ್ಲಿ ಒಂದು ರೂಮು ಹಿಡಿದಿರುತ್ತಾರೆ. ಅವರಿಗೆ ಲೆಕ್ಕ ಬೇರೆ. ಮಾಲೀಕರು ತಾವೇ ವಾಸವಿರುವ ಸ್ವತಂತ್ರ ಮನೆಯಲ್ಲಿ ಒಬ್ಬರೇ ಒಬ್ಬರಿಗೆ ರೂಮು ಕೊಟ್ಟಿದ್ದರೆ ಕ್ಯಾಲಿಫೋರ್ನಿಯಾದ ಈ ಕಾಯ್ದೆ ಅವರನ್ನು ಬಿಟ್ಟುಬಿಡುತ್ತದೆ. ‘ದೇವರಮನೆ ಇದೆ, ಮಡಿ ಇದೆ, ನಾಯಿ ಬೇಡ’ ಅಂದರೆ ಅಲ್ಲಿಗೆ ಮುಗಿಯಿತು. ಅದೇ ಮಾಲೀಕರು ಇನ್ನೊಂದು ಕಾಂಡೊ ಕೊಂಡು ಪೂರ್ತಿ ಬಾಡಿಗೆಗೆ ಕೊಟ್ಟಿದ್ದರೆ ಅಲ್ಲಿ ಈ ಮಾತು ನಡೆಯುವುದಿಲ್ಲ, ಎಷ್ಟೇ ಮಡಿವಂತರಾಗಿರಲಿ. ರೂಮು ಇಬ್ಬರಿಗೆ ಕೊಟ್ಟಿದ್ದರೂ ವಿನಾಯಿತಿ ಹೋಯಿತು.

ಕೇಂದ್ರದ ಕಾಯ್ದೆಯಲ್ಲಿ ವಿನಾಯಿತಿ ಇನ್ನೂ ಅಗಲ: ನಾಲ್ಕು ಮನೆಗಳವರೆಗಿನ ಕಟ್ಟಡದಲ್ಲಿ ಮಾಲೀಕರೂ ವಾಸವಿದ್ದರೆ ಅವರಿಗೆ ಅನ್ವಯಿಸುವುದಿಲ್ಲ. ಹಾಗಾಗಿ ಡಲ್ಲಾಸ್, ಎಡಿಸನ್‌ನಂಥ ಬೇರೆ ರಾಜ್ಯದ ಊರಿನವರು ಮೇಲಿನ ಉತ್ತರಗಳನ್ನು ಹಾಗೆಯೇ ಎತ್ತಿಕೊಳ್ಳಬೇಡಿ. 30 ದಿನದ ನಿಯಮ ಇಲ್ಲಿಯದು. ಟೆಕ್ಸಸ್‌ನಲ್ಲಿ 2023ರ ಸೆಪ್ಟೆಂಬರ್‌ನಿಂದ ಸುಳ್ಳು ಸರ್ವಿಸ್ ಪ್ರಾಣಿಗೆ 1,000 ಡಾಲರ್‌ವರೆಗೆ ದಂಡದ ಜೊತೆ 30 ಗಂಟೆ ಸಮುದಾಯ ಸೇವೆಯೂ ಇದೆ.

ಇನ್ನು ಊರಿನಿಂದ ಸಾಕಿದ ನಾಯಿಯನ್ನೇ ತರಿಸೋಣ ಅನ್ನುವವರಿಗೆ: 2024ರ ಆಗಸ್ಟ್ 1ರಿಂದ ಸಿಡಿಸಿ (ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ) ನಿಯಮ ಬಿಗಿಯಾಗಿದೆ. ಭಾರತ ರೇಬಿಸ್ ಅಪಾಯ ಹೆಚ್ಚಿರುವ ದೇಶಗಳ ಪಟ್ಟಿಯಲ್ಲಿದೆ. ನಾಯಿಗೆ ಕನಿಷ್ಠ ಆರು ತಿಂಗಳಾಗಿರಬೇಕು, ಮೈಕ್ರೊಚಿಪ್ ಇರಬೇಕು, ರೇಬಿಸ್ ಲಸಿಕೆಯ ಪ್ರಮಾಣಪತ್ರ, ಮೊದಲೇ ಕಾಯ್ದಿರಿಸಿದ ಅನಿಮಲ್ ಕೇರ್ ಫೆಸಿಲಿಟಿ ಬೇಕು. ಒಪ್ಪಿತ ಲ್ಯಾಬ್‌ನ ರಕ್ತಪರೀಕ್ಷೆ ಇಲ್ಲದಿದ್ದರೆ ಅಲ್ಲೇ 28 ದಿನ ಕ್ವಾರಂಟೈನ್, ಖರ್ಚು ನಿಮ್ಮದು. ಚಿಪ್ ಹಾಕಿಸಿದ ಮೇಲೆಯೇ ಲಸಿಕೆ ಹಾಕಿಸಿ. ಹಿಂದುಮುಂದಾದರೆ ಲಸಿಕೆ ಲೆಕ್ಕಕ್ಕೆ ಬರುವುದಿಲ್ಲ. ಸಪೋರ್ಟ್ ನಾಯಿ ಎಂಬ ಪತ್ರಕ್ಕೆ ಇಲ್ಲಿ ಕಿಮ್ಮತ್ತಿಲ್ಲ.

ಧಾರವಾಡಪೇಡಾ ಉತ್ತರ:

ಕಾಗದದ ಮಾತು ಎಲ್ಲಾರೂ ಹೇಳಿದ್ರು. ನಾ ಕಾರ್ಪೆಟ್ ಬಗ್ಗೆ ಹೇಳತೀನಿ, ಯಾಕಂದ್ರ ಪೆಟ್ ಡೆಪಾಸಿಟ್ ಇಲ್ಲಂದ್ರೂ ನಾಯಿ ಹಾಳು ಮಾಡಿದ್ದಕ್ಕ ನಿಮ್ಮ ಸಾದಾ ಡೆಪಾಸಿಟ್‌ನ್ಯಾಗ ರೊಕ್ಕ ಹಿಡಕೋಬಹುದು. ಅದಕ್ಕ ಯಾವ ಪತ್ರಾನೂ ಅಡ್ಡ ಬರಂಗಿಲ್ಲ.

ಹೊಸಾ ಮನಿ ಅಂತ ನಾಯಿ ಮೊದಲ ಒಂದೆರಡು ವಾರ ಒಳಗ ಮೂತ್ರ ಮಾಡೂದು ಇರತದ. ಕಾರ್ಪೆಟ್ ಮ್ಯಾಲೆ ಬಿದ್ದದ್ದು ಮ್ಯಾಲೇ ನಿಂದ್ರಂಗಿಲ್ಲ ನೋಡ್ರಿ. ಹಿಂದಿನ ಜಾಳಿಗಿ ದಾಟಿ ಕೆಳಗಿನ ಪ್ಯಾಡ್‌ಗೆ ಹೋಗತದ, ಪ್ಯಾಡ್ ಸ್ಪಂಜಿನಂಗ ಹೀರಿ ಅಗಲ ಹರಡತದ. ಮ್ಯಾಲೆ ಅಂಗೈಯಷ್ಟು ಕಂಡ್ರ ಕೆಳಗ ಊಟದ ತಟ್ಟಿಯಷ್ಟು ಇರತದ. ಅದಕ್ಕ ಮೊದಲು ಹಳೇ ಟವೆಲ್ ಹಾಕಿ ಕಾಲಿಂದ ಒತ್ತಿ ಹೀರಸ್ರಿ, ತಿಕ್ಕಬ್ಯಾಡ್ರಿ. ಆಮ್ಯಾಲೆ ಎಂಜೈಮ್ ಕ್ಲೀನರ್. ನಾಕು ಸಲ ಪಿಚಕಾರಿ ಹೊಡದು ಬಿಟ್ರ ಉಪಯೋಗಿಲ್ಲ. ಮೂತ್ರ ಎಷ್ಟು ಆಳಕ್ಕ ಇಳದದೋ ಕ್ಲೀನರೂ ಅಷ್ಟು ಆಳ ಇಳೀಬೇಕು. ಕಂಡ ಕಲಿಗಿಂತ ಸುತ್ತ ಒಂದು ಗೇಣು ಹೆಚ್ಚಿಗೆ ತೋಯಿಸಿ, ಬಾಟಲಿ ಮ್ಯಾಲೆ ಬರದಷ್ಟು ಹೊತ್ತು ಹಸೀನ ಬಿಡ್ರಿ. ಲಗೂನ ಒಣಗಿದ್ರ ಎಂಜೈಮ್ ಕೆಲಸಾನ ಮಾಡಂಗಿಲ್ಲ. ವಾಸನಿಗೆ ಕಾರಣ ಯೂರಿಕ್ ಆಸಿಡ್ ಹಳಕು, ಅದು ನೀರಿಗೆ ಕರಗಂಗಿಲ್ಲ. ಅದಕ್ಕ ಸಾಬೂನು ಹಾಕಿ ತೊಳದ ಕಾರ್ಪೆಟ್ ಬ್ಯಾಸಿಗ್ಯಾಗ ಛಲೋ ಇದ್ದು ಮಳಿ ಹಿಡದಾಗ ಮತ್ತ ನಾರತದ.

ಸ್ಟೀಮ್ ಕ್ಲೀನರ್ ಹಚ್ಚಬ್ಯಾಡ್ರಿ, ಬಿಸಿಗೆ ಕಲಿ ಕಚ್ಚಿ ಕೂಡತದ. ಬ್ಲೀಚ್ ಅಂತೂ ಬ್ಯಾಡವೇ ಬ್ಯಾಡ. ಮೂತ್ರದಾಗಿನ ಅಮೋನಿಯಾ ಕೂಡಿ ಕ್ಲೋರಮೀನ್ ಹೊಗಿ ಏಳತದ, ಎದಿಗೆ ಕೆಟ್ಟದ್ದು. ಅಮೋನಿಯಾ ಇರೂ ಕ್ಲೀನರ್ ಹಾಕಿದ್ರ ನಾಯಿಗೆ ‘ಇದ ಜಾಗ’ ಅಂತ ನೀವ ತೋರಿಸಿದಂಗ. ಹಳೇ ಕಲಿ ಹುಡುಕಾಕ ಯೂವಿ ಟಾರ್ಚ್ ತಗೊಂಡು ರಾತ್ರಿ ದೀಪ ಆರಿಸಿ ನೋಡ್ರಿ. ಇದನ್ನ ನಾಯಿ ಬರೂ ಮೊದಲ ಒಂದು ಸಲ ಮಾಡಿ ಫೋಟೋ ತಗೀರಿ. ಹಿಂದಿನ ಬಾಡಿಗಿಯವ್ರ ಬೆಕ್ಕಿನ ಕಲಿ ನಿಮ್ಮ ತಲಿಗೆ ಬರಬಾರದಲ್ಲ.

ಗೇಟ್ ಹಚ್ಚೂದಿದ್ರ ಸ್ಕ್ರೂ ಹೊಡಿಯೂದು ಬ್ಯಾಡ, ಒತ್ತಿ ನಿಂದ್ರೂ ಪ್ರೆಶರ್ ಗೇಟ್ ಸಿಗತಾವ. ಶೆಫರ್ಡ್ ಕೂದಲಾ ವರ್ಷಪೂರ್ತಿ ಉದರತದ; ಹೀಟರ್ ಫಿಲ್ಟರ್ ಮೂರು ತಿಂಗಳಿಗೊಮ್ಮೆ ಬದಲಾಸೂದು ಬಿಟ್ಟು ತಿಂಗಳಿಗೊಮ್ಮೆ ತಗದು ನೋಡ್ರಿ. ಡ್ರೈಯರ್‌ನ ಲಿಂಟ್ ಜಾಳಿಗಿ ಪ್ರತಿ ಸಲ. ಶೇರ್ಡ್ ಲಾಂಡ್ರಿ ಇದ್ರ ನಾಯಿ ಹಾಸಿಗಿ ಹಾಕೂ ಮೊದಲು ಝಾಡಿಸಿ ಹಾಕ್ರಿ, ಕಂಪ್ಲೇಂಟ್ ಮೊದಲು ಬರೂದು ಅಲ್ಲಿಂದನ.

ಕಾನೂನುಕಟ್ಟೆ ಉತ್ತರ:

ಪೇಡಾ ಅವರ ಮಾತಿಗೆ ಡೆಪಾಸಿಟ್‌ನ ಲೆಕ್ಕ ಸೇರಿಸುತ್ತೇನೆ. 2024ರ ಜುಲೈ 1ರಿಂದ ಇಲ್ಲಿ ಡೆಪಾಸಿಟ್ ಒಂದು ತಿಂಗಳ ಬಾಡಿಗೆಗಿಂತ ಹೆಚ್ಚಿರುವಂತಿಲ್ಲ. ಒಂದೆರಡು ಆಸ್ತಿಯಷ್ಟೇ ಇರುವ ಸಣ್ಣ ಮಾಲೀಕರಿಗೆ ಎರಡು ತಿಂಗಳು. ಮನೆ ಬಿಟ್ಟ 21 ದಿನದೊಳಗೆ ಉಳಿದ ಹಣ, ಕಡಿತದ ವಿವರ ಎರಡೂ ಬರಬೇಕು. 2025ರ ಏಪ್ರಿಲ್‌ನಿಂದ ಮನೆ ಖಾಲಿಯಾದ ಮೇಲೆ ರಿಪೇರಿಗೆ ಮುಂಚೆ ಮಾಲೀಕರು ಫೋಟೋ ತೆಗೆಯಲೇಬೇಕು. ಬಿಡುವ ಮುಂಚಿನ ಎರಡು ವಾರದಲ್ಲಿ ಒಂದು ಮುಂಗಡ ತಪಾಸಣೆ ಕೇಳುವ ಹಕ್ಕು ನಿಮಗಿದೆ, ಅದನ್ನು ಬಿಡಬೇಡಿ. ಅವರು ತೋರಿಸಿದ ತಪ್ಪನ್ನು ನೀವೇ ಸರಿಮಾಡಿಸಿದರೆ ಅರ್ಧಕ್ಕರ್ಧ ಖರ್ಚು.

ಕಾರ್ಪೆಟ್ ಪೂರ್ತಿ ಬದಲಿಸಬೇಕು ಅಂದರೂ ಹೊಸದರ ಇಡೀ ಬೆಲೆ ನಿಮ್ಮ ಮೇಲೆ ಹಾಕುವಂತಿಲ್ಲ. ಹತ್ತು ವರ್ಷ ಬಾಳುವ ಕಾರ್ಪೆಟ್‌ಗೆ ಎಂಟು ವರ್ಷ ಆಗಿದ್ದು, ಹೊಸದಕ್ಕೆ 1,000 ಡಾಲರ್ ಆದರೆ ಕೇಳಬಹುದಾದ್ದು ಉಳಿದ ಎರಡು ವರ್ಷದ ಪಾಲು, 200 ಡಾಲರ್. ಕಾರ್ಪೆಟ್ ಯಾವಾಗ ಹಾಕಿದ್ದು ಅಂತ ಈಗಲೇ ಈಮೇಲ್‌ನಲ್ಲಿ ಕೇಳಿಟ್ಟುಕೊಳ್ಳಿ.

ಔಷಧಚೀಟಿ ಉತ್ತರ:

ಬೊಗಳುವಿಕೆಯ ಬಗ್ಗೆ ಯಾರೂ ಹೇಳಲಿಲ್ಲ. ಅನುಮತಿ ಸಿಕ್ಕ ನಾಯಿ ಮನೆಯಿಂದ ಹೊರಬೀಳುವುದು ಸಾಮಾನ್ಯವಾಗಿ ಈ ಕಾರಣಕ್ಕೇ. ಅಸಿಸ್ಟೆನ್ಸ್ ಪ್ರಾಣಿಯ ಹಕ್ಕು ಇರುವಿಕೆಗೆ, ನಡತೆಗಲ್ಲ: ಗಲಾಟೆ, ಗಲೀಜು, ಹಗ್ಗವಿಲ್ಲದೆ ಕಾರಿಡಾರ್‌ನಲ್ಲಿ ಓಡಾಟ ಇವಕ್ಕೆಲ್ಲ ಮಾಮೂಲಿ ನಿಯಮವೇ ಅನ್ವಯ. ಇಲ್ಲಿ ವಿಚಿತ್ರ ಏನೆಂದರೆ, ಪ್ಯಾನಿಕ್ ಇರುವವರ ನಾಯಿ ಇಡೀ ದಿನ ಅವರ ಜೊತೆಗೇ ಇರುತ್ತದೆ, ಆದ್ದರಿಂದ ಒಂಟಿಯಾಗಿರುವುದನ್ನು ಕಲಿತೇ ಇರುವುದಿಲ್ಲ. ಒಂದು ದಿನ ಇಬ್ಬರೂ ನಾಲ್ಕು ಗಂಟೆ ಹೊರಗೆ ಹೋದರೆ ನಾಲ್ಕು ಗಂಟೆಯೂ ಕೂಗು. ಮೊದಲ ವಾರದಿಂದಲೇ ಅಭ್ಯಾಸ ಮಾಡಿಸಿ. ಬಾಗಿಲು ಹಾಕಿ ಅರ್ಧ ನಿಮಿಷ, ಆಮೇಲೆ ಒಂದು, ಎರಡು, ಐದು ನಿಮಿಷ. ಅದು ಕೂಗುವ ಮುಂಚೆ ಒಳಗೆ ಬರಬೇಕು. ಕೂಗಿದ ಮೇಲೆ ಬಂದರೆ ಕೂಗಿದರೆ ಬರುತ್ತಾರೆ ಅಂತ ಕಲಿಯುತ್ತದೆ. ಹಳೆಯ ಫೋನೊಂದರಲ್ಲಿ ರೆಕಾರ್ಡ್ ಹಾಕಿಟ್ಟು ಹೋಗಿ. ಪಕ್ಕದ ಮನೆಯವರು ದೂರು ಕೊಟ್ಟಾಗ ನಿಜ ಎಷ್ಟು ಅಂತ ಗೊತ್ತಿರುತ್ತದೆ.

ಲಸಿಕೆ, ಲೈಸೆನ್ಸ್ ಸಪೋರ್ಟ್ ನಾಯಿಗೂ ಬೇಕೇ ಬೇಕು. ಮೂರು ತಿಂಗಳು ದಾಟಿದ ಪ್ರತಿ ನಾಯಿಗೂ ರೇಬಿಸ್ ಲಸಿಕೆ ಹಾಕಿಸಬೇಕು, ನಗರ ಅಥವಾ ಕೌಂಟಿಯ ಲೈಸೆನ್ಸ್ ಬಿಲ್ಲೆಯನ್ನೂ ಪಡೆಯಬೇಕು. ಆ ಕೌಂಟರ್‌ನಲ್ಲಿ ‘ಅಸಿಸ್ಟೆನ್ಸ್ ಡಾಗ್ ಟ್ಯಾಗ್’ ಅಂತ ಬೇರೆ ಬಿಲ್ಲೆ ಕಾಣಬಹುದು. ಹೆಸರು ನೋಡಿ ಮೋಸಹೋಗಬೇಡಿ, ಅದು ಗೈಡ್ (ಕಣ್ಣು ಕಾಣದವರಿಗೆ ದಾರಿ ತೋರುವ), ಸಿಗ್ನಲ್ (ಕಿವಿ ಕೇಳದವರಿಗೆ ಸದ್ದು ತಿಳಿಸುವ), ಸರ್ವಿಸ್ ನಾಯಿಗಳಿಗೆ ಮಾತ್ರ. ಪ್ರಮಾಣ ಮಾಡಿ ಸಹಿ ಹಾಕಬೇಕು. ಸಪೋರ್ಟ್ ನಾಯಿಗೆ ಅದನ್ನು ತೆಗೆದುಕೊಂಡರೆ ಮೇಲೆ ಹೇಳಿದ 365.7 ನೇರವಾಗಿ ತಾಗುತ್ತದೆ.

ಸಂಪಿಗೆಮರ:

ಥೆರಪಿಸ್ಟ್ ಅಪಾಯಿಂಟ್‌ಮೆಂಟ್ ಬರುವ ಮಂಗಳವಾರಕ್ಕೆ ಸಿಕ್ಕಿತು, ಪತ್ರ ಬರೆಯುವ ರೂಢಿ ಇದೆ ಅಂತ ಮೊದಲೇ ಕೇಳಿಕೊಂಡಾಯಿತು. ಇಷ್ಟಾಗಿಯೂ ಆಫೀಸಿನವರು ಇಲ್ಲ ಅಂದರೆ?

ಕಾನೂನುಕಟ್ಟೆ ಉತ್ತರ:

ಕಾರಣವನ್ನು ಬರಹದಲ್ಲಿ ಕೇಳಿ. ‘ಇಲ್ಲ’ ಅನ್ನುವ ಮುಂಚೆ ನಿಮ್ಮ ಜೊತೆ ಕೂತು ಬೇರೆ ದಾರಿ ಇದೆಯೇ ಅಂತ ಮಾತಾಡುವ ಹೊಣೆ ಅವರದು. ಮ್ಯಾನೇಜರ್ ಮಟ್ಟದಲ್ಲಿ ನಿಂತರೆ ಕಂಪನಿಯ ಫೇರ್ ಹೌಸಿಂಗ್ ಅಥವಾ ಕಾಂಪ್ಲಯನ್ಸ್ ವಿಭಾಗಕ್ಕೆ ಅದೇ ಈಮೇಲ್ ಸರಣಿಯನ್ನು ಕಳಿಸಿ. ದೊಡ್ಡ ಕಂಪನಿಗಳಲ್ಲಿ ಬಹುಪಾಲು ಅಲ್ಲೇ ಇತ್ಯರ್ಥವಾಗುತ್ತದೆ, ಆಫೀಸಿನ ಹುಡುಗರಿಗೆ ತಿಳಿಯದ್ದು ಅಲ್ಲಿಯ ವಕೀಲರಿಗೆ ತಿಳಿದಿರುತ್ತದೆ.

ಅದೂ ಆಗದಿದ್ದರೆ ಕ್ಯಾಲಿಫೋರ್ನಿಯಾ ಸಿವಿಲ್ ರೈಟ್ಸ್ ಡಿಪಾರ್ಟ್‌ಮೆಂಟ್‌ಗೆ ಆನ್‌ಲೈನ್‌ನಲ್ಲಿ ದೂರಿನ ಇನ್‌ಟೇಕ್ ಫಾರ್ಮ್ ತುಂಬಿ. ಘಟನೆಯಾಗಿ ಒಂದು ವರ್ಷದೊಳಗೆ ಕೊಡಬೇಕು, ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಕೇಂದ್ರದ ಹೌಸಿಂಗ್ ಇಲಾಖೆಗೆ ದೂರು ಕೊಡಲೂ ಒಂದೇ ವರ್ಷ. ಕೋರ್ಟಿಗೆ ನೇರವಾಗಿ ಹೋಗುವುದಾದರೆ ಎರಡು ವರ್ಷ. ದೂರು ಕೊಟ್ಟ ಸಿಟ್ಟಿಗೆ ಲೀಸ್ ನವೀಕರಿಸದಿರುವುದು, ಬಾಡಿಗೆ ಏರಿಸುವುದು ಪ್ರತೀಕಾರವೆನಿಸುತ್ತದೆ, ಅದೇ ಪ್ರತ್ಯೇಕ ತಪ್ಪು. ನಿಮ್ಮ ನವೀಕರಣ ಹತ್ತಿರವಿರುವುದರಿಂದ ಒಂದು ಎಚ್ಚರ: ನವೀಕರಣದ ಕಾಗದಕ್ಕೆ ಸಹಿ ಹಾಕುವಾಗ ಪ್ರಾಣಿ ನಿಷೇಧದ ಷರತ್ತು ಹಾಗೇ ಇದ್ದರೆ, ಅಕಾಮಡೇಶನ್ ಅರ್ಜಿ ಬಾಕಿ ಇದೆ, ಅದನ್ನು ಬಿಟ್ಟುಕೊಟ್ಟಿಲ್ಲ ಅಂತ ಸಹಿ ಕಳಿಸುವ ಈಮೇಲ್‌ನಲ್ಲೇ ಒಂದು ಸಾಲು ಬರೆದು ಕಳಿಸಿ. ಆಶ್ರಯಧಾಮದಿಂದ ಆ ನಾಯಿಯನ್ನು ತರುವ ದಿನಾಂಕವನ್ನು ಅನುಮತಿಯ ಈಮೇಲ್ ಬಂದ ಮೇಲೆಯೇ ಗೊತ್ತುಮಾಡಿ; ಅಲ್ಲಿಯವರೆಗೆ ಹಿಡಿದಿಡಲು ಒಪ್ಪುತ್ತಾರೆಯೇ ಅಂತ ಕೇಳಿ ನೋಡಿ.